ಕಿರಿಯಳ ಗಡಿಯಾರ

ಮಾರ್ಚ್ 3, ಸೋಮವಾರ

ಸಂಜೆ ಏಳು ಹತ್ತು. ಹತ್ತು ಕಳೆದರೆ ಏಳು. ಇವತ್ತು ಆಸ್ಪತ್ರೆಗೆ ಮೂರು ಪೆಟ್ಟಿಗೆ ಬಂದವು. ಒಂದೊಂದನ್ನು ಇಳಿಸಲು ಇಬ್ಬಿಬ್ಬರು ಬೇಕಾಯಿತು.

ಮಧ್ಯಾಹ್ನ ಸೂಪರಿಂಟೆಂಡೆಂಟ್ ಕರೆಸಿ ವಿಷಯ ಹೇಳಿದರು. ರೋಗಿಗಳ ವಿವರ, ಅವರಿಗೆ ಬರೆದ ಔಷಧಿ, ಊಟ, ಹಾಸಿಗೆ ಎಲ್ಲವೂ ಇರುವ ಹಳೆಯ ಸರ್ವರ್ ಇನ್ನು ಹೆಚ್ಚು ದಿನ ಬಾಳುವುದಿಲ್ಲ. ಅದರ ಬದಲು ಮೂರು ಹೊಸ ಸರ್ವರ್. ಮೂರಕ್ಕೂ ಹೊಸ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿ, ಮೂರೂ ಸೇರಿ ಒಂದರಂತೆ ಕೆಲಸ ಮಾಡುವ ಹಾಗೆ ಮಾಡಬೇಕು. ಅದಕ್ಕೆ ಕ್ಲಸ್ಟರ್ ಎನ್ನುತ್ತಾರಂತೆ. ಕಂಪನಿಯಿಂದ ಯಾರೂ ಬರುವುದಿಲ್ಲ. ಒಬ್ಬ ಮೇಡಂ ಫೋನಿನಲ್ಲಿ ಹೇಳುತ್ತಾರೆ, ನಾನು ಟೈಪ್ ಮಾಡಬೇಕು. ನಾನು ಓದಿದ್ದು ಹತ್ತನೇ ಕ್ಲಾಸು, ಸೇರಿದ್ದು ಎಲೆಕ್ಟ್ರಿಷಿಯನ್ ಆಗಿ, ಇಪ್ಪತ್ತೆರಡು ವರ್ಷದಿಂದ ಆ ಕೋಣೆಯ ಎಸಿ ಮತ್ತು ಬ್ಯಾಟರಿ ನೋಡಿಕೊಳ್ಳುತ್ತಿದ್ದೇನೆ, ಅಷ್ಟೇ ಎಂದು ನೆನಪಿಸಿದೆ. "ತಲೆ ಅವರದು, ಕೈ ನಿಮ್ಮದು. ಕೈ ನಡುಗಲ್ಲ ತಾನೆ?" ಎಂದರು. ನಡುಗುವುದಿಲ್ಲ ಎಂದೆ.

ಮೇಡಂ ಫೋನಿನಲ್ಲಿ ಮೊದಲು ಹೇಳಿದ್ದು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಏನು ಮಾಡಿದರೂ ಅದರಲ್ಲಿ ಬರೆಯಿರಿ, ಟೈಮ್ ಸಮೇತ. ಬಸ್ ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ನೂರು ಪುಟದ, ನಡುವೆ ದಾರ ಹಾಕಿ ಹೊಲಿದ ಪುಸ್ತಕ ಕೊಂಡೆ. ಮುಂದಿನಿಂದ ಅವರ ಕೆಲಸ. ಮನೆಗೆ ಬಂದ ಮೇಲೆ ಅದನ್ನೇ ತಿರುಗಿಸಿ ಹಿಂದಿನಿಂದ ಇದನ್ನು ಬರೆಯುತ್ತಿದ್ದೇನೆ. ಯಾಕೆಂದು ಗೊತ್ತಿಲ್ಲ. ಮಗಳು ಕೆಲಸ ಮುಗಿಸಿ ಬರುವುದು ಎಂಟಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಕೈಯಲ್ಲಿರುವ ಗಡಿಯಾರ ನನ್ನ ಹೆಂಡತಿಯದು. ಕೀಲಿ ಕೊಡುವಂಥದ್ದು. ಪಟ್ಟಿ ಮಾತ್ರ ಬದಲಿಸಿ ದೊಡ್ಡದು ಹಾಕಿಸಿಕೊಂಡಿದ್ದೇನೆ. ಅದು ಹತ್ತು ನಿಮಿಷ ಮುಂದಿದೆ. ಮದುವೆಯಾದಾಗಿನಿಂದ ಅವಳು ಹಾಗೇ ಇಟ್ಟಿದ್ದಳು, ನನ್ನನ್ನು ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಡಿಸಲು. ನಾನು ತಿದ್ದಿಲ್ಲ. ನೋಡಿದಾಗಲೆಲ್ಲ ಮನಸ್ಸಿನಲ್ಲೇ ಹತ್ತು ಕಳೆಯುತ್ತೇನೆ.

ಮಾರ್ಚ್ 5, ಬುಧವಾರ

ಏಳು ಇಪ್ಪತ್ತು. ಕಳೆದರೆ ಏಳು ಹತ್ತು. ಇಡೀ ದಿನ ಮೊದಲನೆಯ ಸರ್ವರ್‌ಗೇ ಹೋಯಿತು.

ಫೋನಿನ ಮೇಡಂ ದನಿ ಕೇಳಿದರೆ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ನನ್ನನ್ನು ಅಂಕಲ್ ಎನ್ನುತ್ತಾರೆ. ಅವರು ಒಂದೊಂದೇ ಅಕ್ಷರ ಹೇಳುತ್ತಾರೆ, ನಾನು ಒಂದು ಬೆರಳಿನಲ್ಲಿ ಒತ್ತುತ್ತೇನೆ, ಒತ್ತಿದ್ದನ್ನು ಮತ್ತೆ ಓದಿ ಹೇಳುತ್ತೇನೆ. ಚಿಕ್ಕ ಗೀಟು, ಉದ್ದ ಗೀಟು, ಓರೆ ಗೀಟು. ಒಂದು ಕಡೆ ಜಾಗ ಬಿಡದೆ ಒತ್ತಿದ್ದಕ್ಕೆ ಪರದೆ ತುಂಬ ಕೆಂಪು ಸಾಲುಗಳು ಬಂದವು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವರು ನಕ್ಕು, ಸುಡಲ್ಲ ಅಂಕಲ್, ಕೂತ್ಕೊಳ್ಳಿ ಎಂದರು. ಯಂತ್ರ ಬೈದರೆ ಒಳ್ಳೆಯದಂತೆ. ತಪ್ಪಾದಾಗಲೂ ಬೈಯದೆ ಸುಮ್ಮನಿದ್ದರೆ ಅದಕ್ಕೆ ಹೆದರಬೇಕಂತೆ.

ಕೊನೆಯಲ್ಲಿ ಸಮಯ ಹಾಕುವುದಿತ್ತು. ಬೇರೆ ಕಡೆ ಸರ್ವರ್‌ಗಳು ಹೊರಗಿನ ನೆಟ್‌ವರ್ಕಿನಿಂದ ಸಮಯವನ್ನು ತಾವೇ ಕೇಳಿ ತಿಳಿದುಕೊಳ್ಳುತ್ತವೆ. ರೋಗಿಗಳ ವಿಷಯ ಆಚೆ ಹೋಗಬಾರದೆಂದು ನಮ್ಮಲ್ಲಿ ಹೊರಗಿನ ದಾರಿ ಮುಚ್ಚಿದೆ. ಸಮಯಕ್ಕೆಂದು ಒಂದು ಕಿಂಡಿ ತೆರೆಯಲು ಸಹಿ ಬೇಕು, ಸಹಿ ಮಾಡುವವರು ರಜೆಯ ಮೇಲಿದ್ದಾರೆ. ಸದ್ಯಕ್ಕೆ ಕೈಯಲ್ಲೇ ಹಾಕಿ, ಆಮೇಲೆ ನೋಡೋಣ ಎಂದರು. ಕೋಣೆಯ ಗೋಡೆ ಗಡಿಯಾರ ನೋಡಿ ಹಾಕಿದೆ.

"ಇದೊಂದು ನೆನಪಿಟ್ಕೊಳ್ಳಿ ಅಂಕಲ್. ಮೂರರಲ್ಲಿ ಯಾವುದಕ್ಕೆ ಬರೆದರೂ ಉಳಿದೆರಡಕ್ಕೆ ತಲುಪುತ್ತೆ. ಒಂದೇ ವಿಷಯಾನ ಎರಡು ಥರ ಬರೆದಿದ್ದರೆ ಟೈಮ್ ನೋಡುತ್ತೆ. ಕೊನೆಯ ಮಾತೇ ಮಾತು. ಮೊದಲಿನದನ್ನ ಬಿಟ್ಟುಬಿಡುತ್ತೆ, ಯಾರಿಗೂ ಹೇಳಲ್ಲ."

ನಮ್ಮ ಮನೆಯಲ್ಲೂ ಹಾಗೇ ಇತ್ತು ಎಂದು ಹೇಳಬೇಕೆನಿಸಿತು. ಕೊನೆಯ ಮಾತು ಯಾವಾಗಲೂ ಅವಳದೇ.

ಮಾರ್ಚ್ 7, ಶುಕ್ರವಾರ

ಏಳು ಇಪ್ಪತ್ತೈದು, ಅಂದರೆ ಏಳೂಕಾಲು. ಎರಡನೆಯದೂ ಮುಗಿಯಿತು.

ಲಿಫ್ಟಿನಣ್ಣ ಕೋಣೆಗೆ ಇಣುಕಿ, ಏನು, ಕಂಪ್ಯೂಟರ್ ಸಾಹೇಬರಾಗಿಬಿಟ್ಟಿರಾ ಎಂದ. ಮೂವತ್ತು ವರ್ಷದಿಂದ ಲಿಫ್ಟ್ ನಡೆಸುತ್ತಿದ್ದಾನೆ. ದಿನಕ್ಕೆ ನೂರು ಸಲ ಮೇಲಕ್ಕೆ ಹೋದರೂ ತನಗೆ ಮಾತ್ರ ಬಡ್ತಿ ಸಿಗಲಿಲ್ಲ ಎಂಬುದು ಅವನ ಹಳೆಯ ಜೋಕು. ಯಂತ್ರಗಳನ್ನು ನೋಡಿ, ಹಿರಿಯಕ್ಕ, ನಡುವಿನವಳು, ಕಿರಿಯಳು ಎಂದು ಹೆಸರಿಟ್ಟ. ಬೆಂಕಿ ಬಿದ್ದರೆ ಮೂರೂ ಒಟ್ಟಿಗೆ ಹೋಗಬಾರದೆಂದು ಮೂರನೆಯದನ್ನು ಹಳೆ ಕಟ್ಟಡದ ನೆಲಮಾಳಿಗೆಯಲ್ಲಿ ಇಡುತ್ತಾರೆ ಎಂದೆ. ಹಾಗಾದರೆ ಕಿರಿಯಳನ್ನು ಆಚೆ ಮನೆಗೆ ಕೊಟ್ಟ ಹಾಗಾಯಿತು ಎಂದ.

ನಾನು ನಕ್ಕೆ. ನಕ್ಕಿದ್ದು ನನಗೇ ಕೇಳಿಸಿ ವಿಚಿತ್ರವಾಯಿತು.

ಮಾರ್ಚ್ 9, ಭಾನುವಾರ

ಸಂಜೆ ನಾಲ್ಕೂವರೆ. ಮಗಳು ಬೀರು ತೆರೆದು ಅಮ್ಮನ ಬಟ್ಟೆಗಳನ್ನು ಮಡಿಸುತ್ತಿದ್ದಾಳೆ. ಯಾರಿಗಾದರೂ ಕೊಡೋಣ ಅಪ್ಪ ಎಂದಳು. ಮುಂದಿನ ವಾರ ನೋಡೋಣ ಎಂದೆ. ಮೂರು ತಿಂಗಳಿಂದ ಮುಂದಿನ ವಾರ ಎನ್ನುತ್ತಿದ್ದೇನೆ.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಹಾಗಾಗಿ ಬರೆಯುತ್ತೇನೆ. ಅವಳು ಹೋಗಿದ್ದು ನಮ್ಮ ಆಸ್ಪತ್ರೆಯ ಹೊಸ ಕಟ್ಟಡದಲ್ಲೇ, ಮೂರನೇ ಮಹಡಿಯ ವಾರ್ಡಿನಲ್ಲಿ. ಆಪರೇಷನ್ ಆಗಿ ಎರಡನೇ ದಿನ. ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, ಕೀಲಿ ಕೊಡೋದು ಮರೀಬೇಡಿ ಎಂದಿದ್ದಳು. ಆಮೇಲೆ ಮಾತಾಡಲಿಲ್ಲ. ವಾರ್ಡಿನ ದೊಡ್ಡ ಸಿಸ್ಟರ್ ಒಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬರೆದರು, ಮೂರು ನಲವತ್ತು. ನನ್ನ ಕೈಯಲ್ಲಿದ್ದ ಗಡಿಯಾರದಲ್ಲಿ ಮೂರು ಐವತ್ತು.

ತಡವಾಯಿತು ಎಂದು ನಾನು ಗೊಣಗಿದಾಗಲೆಲ್ಲ ಅವಳು ಹೇಳುತ್ತಿದ್ದಳು, ನಾನು ಹತ್ತು ನಿಮಿಷ ಮುಂದೆ ಇರ್ತೀನಿ, ನೀವು ನಿಧಾನಕ್ಕೆ ಹಿಂದೆ ಬನ್ನಿ.

ಬೀರು ಮುಚ್ಚಿದ ಸದ್ದಾಯಿತು.

ಮಾರ್ಚ್ 14, ಶುಕ್ರವಾರ

ಏಳೂವರೆ. ಇವತ್ತು ಕಿರಿಯಳ ಕೆಲಸವೂ ಮುಗಿಯಿತು.

ಬೆಳಿಗ್ಗೆ ಬಸ್ಸು ಮತ್ತೆ ತಡ. ಈ ವಾರವೆಲ್ಲ ಹೀಗೇ. ಒಂಬತ್ತು ಇಪ್ಪತ್ತರ ಬಸ್ಸು ಒಂಬತ್ತೂವರೆಗೆ ಬರುತ್ತದೆ. ಕ್ಯಾಂಟೀನು ತೆರೆಯುವುದೂ ತಡ, ಲಿಫ್ಟಿನಣ್ಣ ಬರುವುದೂ ತಡ. ಊರಿಗೇ ಸೋಮಾರಿತನ ಹಿಡಿದಿದೆ. ಮಗಳಿಗೆ ಹೇಳಿದರೆ, ಬಸ್ಸು ಸರಿಯಾಗೇ ಬರುತ್ತಪ್ಪ, ನೀವೇ ಬೇಗ ಹೋಗಿ ನಿಂತಿರ್ತೀರಿ ಎಂದಳು.

ಹಳೆ ಕಟ್ಟಡದ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಬಾಗಿಲಲ್ಲಿ ಕಾವಲುಗಾರ ತನ್ನ ಪುಸ್ತಕದಲ್ಲಿ ನಾನು ಒಳಗೆ ಹೋದ ಹೊತ್ತು ಬರೆದು ಸಹಿ ಹಾಕಿಸಿಕೊಂಡ. ಒಳಗೆ ಒಂದು ಕಿಟಕಿಯೂ ಇಲ್ಲ. ಹಳೆಯ ಎಕ್ಸ್‌ರೇ ಹಾಳೆಗಳ ಕಟ್ಟುಗಳು ಗೋಡೆಯುದ್ದಕ್ಕೂ ಇವೆ, ಯಾರ್ಯಾರದೋ ಎದೆಗೂಡು, ಯಾರ್ಯಾರದೋ ಮಂಡಿ. ಮೊಬೈಲ್ ಅಲ್ಲಿ ಸತ್ತ ಹಾಗೆ, ಅದನ್ನು ಮೇಲೆಯೇ ಬಿಟ್ಟಿದ್ದೆ. ಗೋಡೆಯ ಹಳೆ ಫೋನಿನಲ್ಲಿ ಮೇಡಂ ಜೊತೆ ಮಾತು. ರಿಸೀವರನ್ನು ಎಡಗೈಯಲ್ಲಿ ಕಿವಿಗೆ ಹಿಡಿದರೆ ಅವರ ದನಿಯೂ ಅವಳ ಗಡಿಯಾರದ ಟಿಕ್ ಟಿಕ್ಕೂ ಒಟ್ಟಿಗೆ ಕೇಳುತ್ತಿತ್ತು. ಅದು ಚೆನ್ನಾಗಿತ್ತು.

ಈಗ ನನಗೆ ಕೆಲಸ ಕೈಗೆ ಹತ್ತಿದೆ. ಅಕ್ಷರ ಹೇಳಿಸಿಕೊಳ್ಳುವುದೇ ಬೇಡ, ನೋಟ್‌ಬುಕ್ ನೋಡಿಕೊಂಡು ಒತ್ತುತ್ತೇನೆ. ಮೇಡಂ ಬೇರೇನೋ ಕೆಲಸ ಮಾಡಿಕೊಳ್ಳುತ್ತಲೇ ಹೂಂ, ಹೂಂ ಎನ್ನುತ್ತಿದ್ದರು. ಮೂವತ್ತೊಂದನೇ ಹೆಜ್ಜೆ, ಟೈಮ್ ಹಾಕಿ ಎಂದರು. ಅಲ್ಲಿ ಗೋಡೆ ಗಡಿಯಾರವಿಲ್ಲ. ಕೈ ನೋಡಿಕೊಂಡು ಹಾಕಿದೆ, ಹನ್ನೊಂದು ಐವತ್ತೆರಡು. ನೋಟ್‌ಬುಕ್ಕಿನಲ್ಲೂ ಬರೆದೆ. ಒಂದೂ ಕೆಂಪು ಸಾಲು ಬರಲಿಲ್ಲ.

ಹೊರಗೆ ಬಂದಾಗ ಕಾವಲುಗಾರ ತನ್ನ ಪುಸ್ತಕದಲ್ಲಿ ಹನ್ನೊಂದು ನಲವತ್ತಾರು ಎಂದು ಬರೆದ. ಅವನ ಗಡಿಯಾರ ಹಿಂದಿದೆ. ಹೇಳಲು ಹೋಗಲಿಲ್ಲ.

ಮಾರ್ಚ್ 17, ಸೋಮವಾರ

ಏಳು ಐದು. ಬೆಳಿಗ್ಗೆ ಆರಕ್ಕೆ ಹಳೆಯ ಸರ್ವರ್ ನಿಲ್ಲಿಸಿ ಹೊಸದಕ್ಕೆ ಬದಲಾದೆವು. ಇವತ್ತಿನಿಂದ ಮೇಡಂಗೆ ನೋಡಲು ಮಾತ್ರ ಒಂದು ಬೇರೆ ಲೈನು ಕೊಟ್ಟಿದ್ದಾರೆ. ತಮ್ಮ ಪರದೆಯಲ್ಲಿ ನೋಡಿ, ಮೂರೂ ಹಸಿರು ಎಂದರು. ಹೊಸ ಕಟ್ಟಡದ ವಾರ್ಡುಗಳು ಹಿರಿಯಕ್ಕನಿಗೋ ನಡುವಿನವಳಿಗೋ ಬರೆಯುತ್ತವೆ. ಹಳೆ ಕಟ್ಟಡದಲ್ಲಿರುವ ತುರ್ತು ವಿಭಾಗ ಕಿರಿಯಳಿಗೆ ಬರೆಯುತ್ತದೆ. ಅಲ್ಲಿ ಬರೆದದ್ದು ಇಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಕಾಣುತ್ತದೆ.

ಸೂಪರಿಂಟೆಂಡೆಂಟ್ ನನ್ನ ಬೆನ್ನು ತಟ್ಟಿದರು. ಎಲ್ಲರೆದುರು ಹತ್ತನೇ ಕ್ಲಾಸಿನ ಇಂಜಿನಿಯರ್ ಎಂದರು. ಮನೆಗೆ ಬಂದು ಇದನ್ನು ಯಾರಿಗೆ ಹೇಳಲಿ ಎಂದು ಒಂದು ಗಳಿಗೆ ಬಾಗಿಲಲ್ಲೇ ನಿಂತಿದ್ದೆ. ಮಗಳು ಬರುವುದು ಎಂಟಕ್ಕೆ.

ಮಾರ್ಚ್ 20, ಗುರುವಾರ

ಏಳು ಇಪ್ಪತ್ತು. ವಾರ್ಡಿನ ದೊಡ್ಡ ಸಿಸ್ಟರ್ ಮಧ್ಯಾಹ್ನ ನನ್ನ ಕೋಣೆಗೆ ಬಂದಿದ್ದರು. ಅವರು ಇಲ್ಲಿಗೆ ಬಂದದ್ದು ಇದೇ ಮೊದಲು. ಡಿಸೆಂಬರಿನ ಆ ದಿನದಿಂದ ನಾನು ಮೂರನೇ ಮಹಡಿಗೆ ಹೋಗಿಲ್ಲ, ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತೇವೆ, ಅಷ್ಟೇ.

ತುರ್ತು ವಿಭಾಗದಿಂದ ಒಬ್ಬ ಸಕ್ಕರೆ ಕಾಯಿಲೆಯವರನ್ನು ಕಳಿಸುವಾಗ ಮಾಮೂಲಿ ಊಟ ಎಂದು ಬರೆದಿದ್ದರಂತೆ. ಸಿಸ್ಟರ್ ತಕ್ಷಣ ಅದನ್ನು ಅಳಿಸಿ ಸಕ್ಕರೆ ಇಲ್ಲದ್ದು ಎಂದು ಬದಲಿಸಿದರು. ಉಳಿಸಲಾಗಿದೆ ಎಂದು ಪರದೆಯ ಮೇಲೆ ಬಂತು. ಊಟದ ಗಾಡಿ ಬಂದಾಗ ನೋಡಿದರೆ ಮಾಮೂಲಿ ಊಟವೇ. "ಅಳಿಸಿದ್ದು ಮತ್ತೆ ಬರುತ್ತೆ," ಎಂದರು. ದೂರಿನ ದನಿಯಲ್ಲಲ್ಲ, ಯೋಚಿಸುತ್ತಾ ಹೇಳಿದರು.

ಮೇಡಂಗೆ ಫೋನ್ ಮಾಡಿದೆ. ಅಲ್ಲಿ ಎಲ್ಲವೂ ಹಸಿರು. ಸಿಸ್ಟರ್ ಬಟನ್ ಸರಿಯಾಗಿ ಒತ್ತಿರಲಿಕ್ಕಿಲ್ಲ, ಹೊಸದರಲ್ಲಿ ಎಲ್ಲರಿಗೂ ಹಾಗೇ ಎಂದರು. ಅದನ್ನೇ ಸಿಸ್ಟರ್‌ಗೆ ಹೇಳಿದೆ. ಅವರು ನನ್ನ ಮುಖ ನೋಡಿ, ಸರಿ, ಇನ್ನು ಮೇಲೆ ನಾನೂ ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತೇನೆ ಎಂದು ಹೋದರು.

ಮಾರ್ಚ್ 24, ಸೋಮವಾರ

ಏಳು ಗಂಟೆ. ಇನ್ನೂ ಎರಡು ಸಲ ಆಯಿತಂತೆ. ಒಮ್ಮೆ ಹಾಸಿಗೆ ನಂಬರು, ಒಮ್ಮೆ ಜ್ವರದ ಮಾತ್ರೆ. ಎರಡೂ ತುರ್ತು ವಿಭಾಗದಿಂದ ಬಂದವು, ಎರಡನ್ನೂ ಸಿಸ್ಟರ್ ಕೂಡಲೇ ಬದಲಿಸಿದ್ದರು, ಎರಡೂ ಹಳೆಯ ಹಾಗೇ ಆಗಿದ್ದವು. ಎಲ್ಲ ಸಲವೂ ಆಗುವುದಿಲ್ಲ. ನಿಧಾನವಾಗಿ ಬದಲಿಸಿದರೆ ಉಳಿಯುತ್ತದೆ, ಚುರುಕಾಗಿ ಬದಲಿಸಿದರೆ ಹೋಗುತ್ತದೆ. ಬೇರೆ ನರ್ಸುಗಳಿಗೆ ಆಗುತ್ತಿಲ್ಲ. ಅವರು ಅರ್ಧ ಗಂಟೆ ಕಳೆದ ಮೇಲೆ ನೋಡುವವರು, ಅದಕ್ಕೇ ಇರಬಹುದು ಎಂದು ಸಿಸ್ಟರೇ ಹೇಳಿದರು.

ನಿಮ್ಮ ಕಿರಿಯಳಿಗೆ ಏನೋ ಮೆಟ್ಟಿಕೊಂಡಿದೆ ಎಂದು ಲಿಫ್ಟಿನಣ್ಣ ನಕ್ಕ. ನೆಲಮಾಳಿಗೆಯಲ್ಲಿ ಅಷ್ಟು ಜನರ ಎದೆಗೂಡಿನ ಚಿತ್ರದ ನಡುವೆ ಒಬ್ಬಳೇ ಇದ್ದರೆ ಇನ್ನೇನಾಗುತ್ತದೆ ಎಂದ.

ಅಳಿಸಿದ್ದು ಮತ್ತೆ ಬರುತ್ತೆ. ಬಸ್ಸಿನಲ್ಲಿ ಕೂತು ಆ ಮಾತನ್ನೇ ಅಂದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ನನಗೆ ಕೆಟ್ಟ ಸುದ್ದಿಯ ಹಾಗೆ ಕೇಳಿಸಲೇ ಇಲ್ಲ.

ಮಾರ್ಚ್ 26, ಬುಧವಾರ

ಏಳೂ ಮುಕ್ಕಾಲು. ನೆಟ್ಟಗೆ ಬರೆಯಲು ನೋಡುತ್ತೇನೆ.

ನಿನ್ನೆ ಬೆಳಿಗ್ಗೆ ತುರ್ತು ವಿಭಾಗಕ್ಕೆ ಎದೆನೋವೆಂದು ಒಬ್ಬರು ಬಂದರು. ಪುಸ್ತಕಕ್ಕೆ ಬೈಂಡ್ ಹಾಕುವವರು, ಅರವತ್ತರ ಆಸುಪಾಸು. ಅಲ್ಲಿಯ ಡಾಕ್ಟರು ರಕ್ತ ತೆಳುವಾಗಿಸುವ ಇಂಜೆಕ್ಷನ್ ದಿನಕ್ಕೆ ಎರಡು ಸಲ ಎಂದು ಬರೆದರು. ಮೇಲಿನ ವಾರ್ಡಿನ ಡಾಕ್ಟರು ಪರದೆಯಲ್ಲಿ ಅದನ್ನು ನೋಡಿದರು. ಅವರಿಗೆ ಆ ಮನುಷ್ಯ ಗೊತ್ತು. ಹೋದ ವರ್ಷ ಹೊಟ್ಟೆಯಲ್ಲಿ ರಕ್ತ ಸೋರಿ ಬಂದಿದ್ದವರು, ಆ ಇಂಜೆಕ್ಷನ್ ಕೊಡಲೇಬಾರದು. ಅಳಿಸಿ ಎಂದು ದೊಡ್ಡ ಸಿಸ್ಟರ್‌ಗೆ ಹೇಳಿದರು. ಸಿಸ್ಟರ್ ಅಳಿಸಿದರು. ಉಳಿಸಲಾಗಿದೆ ಎಂದು ಬಂತು. ಅಷ್ಟರಲ್ಲಿ ಇನ್ನೊಂದು ಹಾಸಿಗೆಯಲ್ಲಿ ಯಾರೋ ಕರೆದರು, ಹೋದರು.

ಸಂಜೆಯ ಪಾಳಿಯ ನರ್ಸ್ ಪರದೆ ನೋಡಿದಾಗ ಇಂಜೆಕ್ಷನ್ ಅಲ್ಲೇ ಇತ್ತು. ಕೊಟ್ಟರು. ಇವತ್ತು ಬೆಳಿಗ್ಗೆ ಇನ್ನೊಂದು ಕೊಟ್ಟರು. ಹತ್ತು ಗಂಟೆಗೆ ಅವರು ರಕ್ತ ಕಾರಿಕೊಂಡರು. ಈಗ ಐಸಿಯುನಲ್ಲಿದ್ದಾರೆ.

ವಾರ್ಡಿನ ಡಾಕ್ಟರು ತಾನು ಹೇಳಿದ್ದು ನಿಜ ಎಂದರು. ಹಾಗಾದರೆ ಅಳಿಸದವರು ಸಿಸ್ಟರ್. ಅವರನ್ನು ಮನೆಗೆ ಕಳಿಸಿದ್ದಾರೆ. ಶನಿವಾರ ವಿಚಾರಣೆ. ಇಪ್ಪತ್ತೆಂಟು ವರ್ಷದ ಕೆಲಸ.

ಮಾರ್ಚ್ 27, ಗುರುವಾರ

ಸಿಸ್ಟರ್ ಗೇಟಿನ ಹೊರಗೆ ನಿಂತು ನನಗೆ ಹೇಳಿ ಕಳಿಸಿದ್ದರು. ಮಾಮೂಲಿ ಸೀರೆಯಲ್ಲಿ ಅವರನ್ನು ನೋಡಿದ್ದು ಮೊದಲ ಸಲ, ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಕೈಯಲ್ಲಿ ಎರಡು ಹಾಳೆ. ಒಂದು ಸೂಪರಿಂಟೆಂಡೆಂಟ್ ಕೊಟ್ಟ ಪ್ರಿಂಟು, ಡೇಟಾಬೇಸಿನಲ್ಲಿ ಯಾರು ಯಾವಾಗ ಏನು ಬರೆದರು ಎಂಬುದು. ಇನ್ನೊಂದು ಅವರೇ ಪೆನ್ನಿನಲ್ಲಿ ಬರೆದಿಟ್ಟುಕೊಂಡದ್ದು.

ಪ್ರಿಂಟಿನಲ್ಲಿ, ತುರ್ತು ವಿಭಾಗ ಇಂಜೆಕ್ಷನ್ ಬರೆದದ್ದು ಹನ್ನೊಂದು ಮೂವತ್ನಾಲ್ಕಕ್ಕೆ. ಸಿಸ್ಟರ್ ಅಳಿಸಿದ್ದು ಹನ್ನೊಂದು ಇಪ್ಪತ್ತೆಂಟಕ್ಕೆ. ಅವರ ಪೆನ್ನಿನ ಹಾಳೆಯಲ್ಲೂ ಅಳಿಸಿದ ಹೊತ್ತು ಅದೇ.

"ಅವರು ಬರೆಯೋ ಮೊದಲೇ ನಾನು ಅಳಿಸಿದೀನಂತೆ," ಎಂದರು. "ಇಲ್ಲದ್ದನ್ನ ಯಾರಾದರೂ ಅಳಿಸೋಕಾಗುತ್ತಾ? ನಿಮಗೆ ಆ ಮಿಷನ್ ಗೊತ್ತು. ನೀವೇ ಹೇಳಿ."

ನಾನು ಹಾಳೆ ನೋಡುತ್ತಾ ನಿಂತೆ. ಹಾಳೆ ಹಿಡಿದಿದ್ದ ಕೈಯಲ್ಲಿ ಗಡಿಯಾರವಿತ್ತು. ಗೊತ್ತಿಲ್ಲ ಎಂದೆ.

ಇವತ್ತು ಬೇರೇನೂ ಬರೆಯುವುದಿಲ್ಲ. ಗಡಿಯಾರ ಬಿಚ್ಚಿ ಬೀರುವಿನಲ್ಲಿ ಅವಳ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ. ಅಲ್ಲಿಂದಲೂ ಕೇಳುತ್ತದೆ.

ಮಾರ್ಚ್ 28, ಶುಕ್ರವಾರ

ಸಂಜೆ ಏಳು ಗಂಟೆ. ಇವತ್ತು ಬಹಳ ಆಯಿತು. ಆದಷ್ಟೂ ಬರೆಯುತ್ತೇನೆ.

ಬೆಳಿಗ್ಗೆ ಗಡಿಯಾರ ತೆಗೆದು, ಕೀಲಿ ಕೊಟ್ಟು, ಮತ್ತೆ ಕಟ್ಟಿಕೊಂಡೆ. ಬಿಟ್ಟು ಹೋಗಲಾಗಲಿಲ್ಲ. ಬಸ್ಸಿಗೆ ಹತ್ತು ನಿಮಿಷ ಕಾದೆ. ಬಸ್ಸು ತಡವಾಗಿರಲಿಲ್ಲ. ಅದು ಯಾವ ದಿನವೂ ತಡವಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಲು ತಾನಾಗಿ ಐಸಿಯು ಕಡೆ ಹೋಯಿತು. ಹೊರಗೆ, ಅವಳ ಆಪರೇಷನ್ ದಿನ ನಾನು ಕೂತಿದ್ದ ಅದೇ ಕಬ್ಬಿಣದ ಬೆಂಚು, ಎಡಗಡೆಯ ಕಾಲು ಅಲ್ಲಾಡುವಂಥದ್ದು. ಬೈಂಡರ ಹೆಂಡತಿ ಕೂತಿದ್ದರು. ಬೆರಳ ತುದಿಗಳಲ್ಲಿ ಒಣಗಿದ ಅಂಟು. ಗಂಡನ ಜೊತೆ ಅವರೂ ಪುಸ್ತಕ ಹೊಲಿಯುತ್ತಾರಂತೆ. ನಾನು ಯಾರೆಂದು ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಈ ನೋಟ್‌ಬುಕ್ ನೋಡಿ, ತೆಗೆದುಕೊಂಡು ನಡುವೆ ಬಿಡಿಸಿ ಹೊಲಿಗೆ ಸವರಿದರು. ಹೊಲಿಗೆ ಸಡಿಲ ಎಂದರು. ಮುಂದಿನದೊಂದು ಹಾಳೆ ಕಿತ್ತರೆ ಹಿಂದಿನದೂ ಕಿತ್ತು ಬರುತ್ತೆ, ಎರಡೂ ಒಂದೇ ಕಾಗದ, ಹುಷಾರು ಎಂದು ಮುಚ್ಚಿ ಕೊಟ್ಟರು. ಒಳಗೆ ಏನನ್ನೂ ಓದಲಿಲ್ಲ.

ಆಮೇಲೆ ಕೇಳಿದರು, "ಟೈಮ್ ಎಷ್ಟಾಯ್ತಣ್ಣ? ಹನ್ನೊಂದಕ್ಕೆ ಒಳಗೆ ಬಿಡ್ತೀವಿ ಅಂದಿದಾರೆ."

ಕೈ ಎತ್ತಿದೆ. ಹನ್ನೊಂದು ಎಂದು ತೋರಿಸುತ್ತಿತ್ತು. ಹೇಳಿದರೆ ಆಕೆ ಎದ್ದು ಹೋಗಿ ಬಾಗಿಲು ತಟ್ಟುತ್ತಾರೆ, ಒಳಗಿನವರು ಇನ್ನೂ ಹೊತ್ತಾಗಿಲ್ಲ ಎಂದು ಬೈದು ಕಳಿಸುತ್ತಾರೆ. ಆಕೆ ನನ್ನನ್ನೇ ನೋಡುತ್ತಿದ್ದರು.

"ಇದು ಸರಿಯಿಲ್ಲಮ್ಮ. ಇನ್ನೂ ಹತ್ತು ನಿಮಿಷ ಇದೆ," ಎಂದೆ.

ಮೂರೂವರೆ ತಿಂಗಳಲ್ಲಿ ನಾನು ಅದನ್ನು ಬಾಯಿ ಬಿಟ್ಟು ಹೇಳಿದ್ದು ಆಗಲೇ.

ಅಲ್ಲಿಂದ ನೇರ ನನ್ನ ಕೋಣೆಗೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಕಿರಿಯಳ ಗಡಿಯಾರ ಹತ್ತು ನಿಮಿಷ ಮುಂದಿದೆ, ನಾನೇ ಹಾಗೆ ಹಾಕಿದ್ದು, ಕೈಗಡಿಯಾರ ನೋಡಿ ಹಾಕಿದೆ ಎಂದೆ. ಆ ಕಡೆ ಕೀಬೋರ್ಡ್ ಒತ್ತುವ ಸದ್ದು ಕೇಳಿಸಿತು. ಆಮೇಲೆ, ಹೌದು ಎಂದರು. ತುರ್ತು ವಿಭಾಗದಲ್ಲಿ ಬರೆದ ಪ್ರತಿಯೊಂದೂ ಹತ್ತು ನಿಮಿಷ ಆಮೇಲೆ ಬರೆದ ಹಾಗೆ ಮೊಹರು ಬೀಳುತ್ತಿತ್ತು. ಆ ಹತ್ತು ನಿಮಿಷದೊಳಗೆ ಮೇಲಿನವರು ಏನೇ ತಿದ್ದಲಿ, ಯಂತ್ರದ ಲೆಕ್ಕದಲ್ಲಿ ಅದು ಹಳೆಯ ಮಾತು. ಕೊನೆಯ ಮಾತು ಕಿರಿಯಳದು.

ಹುಡುಕಿ ಪಟ್ಟಿ ಮಾಡಿದರು. ಹನ್ನೊಂದು ದಿನದಲ್ಲಿ ಒಂಬತ್ತು ತಿದ್ದುಪಡಿ ಹೀಗೆ ಹೋಗಿವೆ. ಒಂದೊಂದಾಗಿ ಓದಿದರು, ನಾನು ಬರೆದುಕೊಂಡೆ. ಒಂಬತ್ತನೆಯದು ನಿನ್ನೆ ಸಂಜೆ ಐದೂಕಾಲಿನದು. ನಿನ್ನೆ ಸಿಸ್ಟರ್ ಗೇಟಿನ ಹತ್ತಿರ ಕೇಳಿದ್ದು ಮಧ್ಯಾಹ್ನ ಎರಡಕ್ಕೆ. ಆಗ ನನಗೆ ಗೊತ್ತಿತ್ತು. ಪಟ್ಟಿ ಹಿಡಿದುಕೊಂಡು ಮೂರನೇ ಮಹಡಿಗೆ ಓಡಿದೆ. ಲಿಫ್ಟಿಗೆ ಕಾಯಲಿಲ್ಲ. ಡಿಸೆಂಬರಿನ ಮೇಲೆ ಆ ಬಾಗಿಲು ದಾಟಿದ್ದು ಇವತ್ತೇ, ದಾಟಿದ ಮೇಲೆ ನೆನಪಾಯಿತು. ಒಂಬತ್ತನೆಯದು ಹನ್ನೆರಡನೇ ಹಾಸಿಗೆಯ ಹೆಂಗಸಿನ ನೋವಿನ ಔಷಧಿ. ಅರ್ಧ ಎಂದು ತಿದ್ದಿದ್ದು ಪೂರ್ತಿಯೇ ಉಳಿದಿತ್ತು. ಒಂದು ಸಲ ಕೊಟ್ಟಾಗಿತ್ತು. ಆಕೆ ನಿದ್ದೆ ಮಾಡುತ್ತಿದ್ದರು. ಡಾಕ್ಟರು ಎಬ್ಬಿಸಿದರು. ಎದ್ದರು. ಎದ್ದು, ಏನು ಎಂದು ಬೈದರು.

ಕಿರಿಯಳನ್ನು ಸರಿ ಮಾಡಲು ಮತ್ತೆ ನೆಲಮಾಳಿಗೆಗೆ ಇಳಿದೆ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಆಯಿತಲ್ಲ ಎಂದುಕೊಂಡಿದ್ದೆ. ಹಾಗೆ ಮಾಡುವಂತಿಲ್ಲವಂತೆ.

"ಹಿಂದಕ್ಕೆ ತಿರುಗಿಸಿದರೆ ಅದಕ್ಕೆ ತಾನು ಬರೆದದ್ದೇ ಅರ್ಥ ಆಗಲ್ಲ ಅಂಕಲ್. ನಿಲ್ಲಿಸಿ. ನಿಲ್ಲಿಸಿ ಕಾಯಿರಿ. ಉಳಿದವರು ಅದರ ಹತ್ತಿರ ಬರೋವರೆಗೆ."

ನಿಲ್ಲಿಸಿದೆ. ಫ್ಯಾನು ನಿಧಾನವಾಗಿ, ಉಸಿರು ಬಿಟ್ಟ ಹಾಗೆ, ನಿಂತಿತು. ತುರ್ತು ವಿಭಾಗವನ್ನು ಅಕ್ಕಂದಿರಿಬ್ಬರೂ ನೋಡಿಕೊಳ್ಳುತ್ತಾರೆ ಎಂದರು. ರಿಸೀವರ್ ಕಿವಿಯಲ್ಲಿತ್ತು, ಪಕ್ಕದಲ್ಲೇ ಟಿಕ್ ಟಿಕ್. ನಾನು ಅವಳ ಗಡಿಯಾರದ ತಿರುಪು ಹೊರಗೆಳೆದೆ. ಸೆಕೆಂಡಿನ ಮುಳ್ಳು ನಿಂತಿತು. ಎರಡು ಇಪ್ಪತ್ತಾರು. ಮೇಡಂ ಹತ್ತಿರ ಹೊತ್ತು ಕೇಳಿದೆ. ಎರಡು ಹದಿನಾರು ಎಂದರು.

ಎಕ್ಸ್‌ರೇ ಕಟ್ಟುಗಳ ಮೇಲೆ ಕೂತೆ. ಮಾಡಲು ಏನೂ ಇರಲಿಲ್ಲ. ಹತ್ತು ನಿಮಿಷ ಎಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ನಡುವೆ ಮೇಡಂ ಮೆಲ್ಲಗೆ ಒಂದು ಮಾತು ಹೇಳಿದರು. ಟೈಮ್ ಹಾಕುವಾಗ ಏನು ಹಾಕಿದಿರಿ ಎಂದು ತಾನೂ ಕೇಳಲಿಲ್ಲ, ತನ್ನ ಕೆಲಸವೂ ಹೋಗುತ್ತದೆ. ಈಗಂತೂ ಸರಿಯಾಗುತ್ತಿದೆ. ಪ್ರಿಂಟು ನೋಡಿ ಕಾರಣ ಕಂಡುಹಿಡಿಯುವವರು ಅಲ್ಲಿ ಯಾರೂ ಇಲ್ಲ. ನೀವು ಹೇಳದಿದ್ದರೆ ನಾನೂ ರಿಪೋರ್ಟಿನಲ್ಲಿ ಬರೆಯಲ್ಲ ಅಂಕಲ್. ಆ ನೋಟ್‌ಬುಕ್ಕಿನ ಆ ಒಂದು ಹಾಳೆ ಅಷ್ಟೇ.

ನಾನು ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಅವರು ಮತ್ತೆ ಕೇಳಲಿಲ್ಲ. ಅವರು ಎರಡು ಇಪ್ಪತ್ತಾರು ಎಂದಾಗ ತಿರುಪು ಒತ್ತಿದೆ. ಇನ್ನೆರಡು ನಿಮಿಷ ಬಿಟ್ಟು, ಮೇಡಂ ಹೇಳಿದ ಸರಿಯಾದ ಹೊತ್ತು ಹಾಕಿ ಕಿರಿಯಳನ್ನು ಎಬ್ಬಿಸಿದೆ.

ಮೇಲೆ ಬಂದು ಕಾವಲುಗಾರನ ಪುಸ್ತಕ ಕೇಳಿ ತೆಗೆದು ನೋಡಿದೆ. ಮಾರ್ಚ್ 14, ಹೊರಗೆ ಹೋದದ್ದು ಹನ್ನೊಂದು ನಲವತ್ತಾರು, ಕೆಳಗೆ ನನ್ನ ಸಹಿ. ಅವನ ಗಡಿಯಾರ ಸರಿಯಾಗಿಯೇ ಇತ್ತು. ನಾಳೆ ಆ ಪುಸ್ತಕ ಬೇಕಾಗುತ್ತದೆ ಎಂದೆ. ಯಾಕೆ, ಕಳ್ಳತನವಾ ಎಂದ. ಅಲ್ಲ ಎಂದೆ.

ಮನೆಗೆ ಬಂದು ನೋಟ್‌ಬುಕ್ ಮುಂದಿನಿಂದ ತೆರೆದೆ. ಮೂವತ್ತೊಂದನೇ ಹೆಜ್ಜೆ ಇರುವುದು ಮೂರನೇ ಹಾಳೆಯಲ್ಲಿ. ನನ್ನದೇ ಅಕ್ಷರ, ಸಮಯ 11:52. ಒಂದೇ ಸಾಲು. ಹಾಳೆಯ ಅಂಚು ಹಿಡಿದು ಸ್ವಲ್ಪ ಎಳೆದೂ ನೋಡಿದೆ. ಬೈಂಡರ ಹೆಂಡತಿ ಹೇಳಿದ ಹಾಗೆ ಹಿಂದಿನಿಂದ ಮೂರನೆಯದೂ ಜೊತೆಗೇ ಅಲುಗಾಡಿತು. ಅದರಲ್ಲಿ ಒಂಬತ್ತನೇ ತಾರೀಕು ಬರೆದದ್ದಿದೆ, ಮೂರು ನಲವತ್ತು, ಮೂರು ಐವತ್ತು, ಕೀಲಿ ಕೊಡೋದು ಮರೀಬೇಡಿ. ಬಿಟ್ಟೆ. ಹಾಗಾದರೆ ನಾಳೆ ಕೊಡುವಾಗ ಪೂರ್ತಿ ಪುಸ್ತಕವನ್ನೇ ಕೊಡಬೇಕು, ಇದೂ ಸೇರಿ. ಓದುವವರು ಓದಲಿ.

ಸಿಸ್ಟರ್ ಮನೆಗೆ ಫೋನ್ ಮಾಡಿ ವಿಷಯ ಹೇಳಿದೆ. ನಿನ್ನೆ ಗೊತ್ತಿಲ್ಲ ಎಂದದ್ದು ಸುಳ್ಳು ಎಂಬುದನ್ನೂ ಹೇಳಿದೆ. ಅವರು, ಆ ಗಡಿಯಾರ ನಿಮ್ಮ ಮನೆಯವರದಲ್ಲವಾ ಎಂದು ಮಾತ್ರ ಕೇಳಿದರು. ಹೌದು ಎಂದೆ. ಅವರು ಕ್ಷಮಿಸಿದರೋ ಇಲ್ಲವೋ ಗೊತ್ತಾಗಲಿಲ್ಲ.

ಬೈಂಡರು ಇನ್ನೂ ಕಣ್ಣು ತೆರೆದಿಲ್ಲ. ಹೊರಡುವ ಮುಂಚೆ ಬೆಂಚಿನ ಹತ್ತಿರ ಹೋಗಿದ್ದೆ, ಆಕೆ ಒಳಗಿದ್ದರು.

ಈಗ ಮಗಳು ಬಂದಳು. ಮೇಜಿನ ಮೇಲಿದ್ದ ಗಡಿಯಾರ ನೋಡಿದಳು, ತಲೆ ಎತ್ತಿ ಗೋಡೆ ಗಡಿಯಾರ ನೋಡಿದಳು, ಮತ್ತೆ ಇದನ್ನು ನೋಡಿದಳು. ಪಕ್ಕದಲ್ಲಿ ಕೂತಿದ್ದಾಳೆ. ಅವಳಿಗೆ ಹೇಳಬೇಕು.

ನಾಳೆ ಹತ್ತಕ್ಕೆ ವಿಚಾರಣೆ. ಬಸ್ಸು ಒಂಬತ್ತು ಇಪ್ಪತ್ತಕ್ಕೆ.